ಲೆವೆಲ್ ಏರುವುದು, ನೆಲಕ್ಕೆ ಬೀಳುವುದು: ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಪಾತ್ರದ ಬೆಳವಣಿಗೆ ಮತ್ತು ಸಾವು

ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್. ಅದನ್ನು ಆಡಲು ಹೊಸದಾಗಿ ಕೂತವರು ಮೊದಲ ದಿನವೇ ಎರಡು ಪ್ರಶ್ನೆ ಕೇಳುತ್ತಾರೆ. ನನ್ನ ಪಾತ್ರ ಯಾವಾಗ ಲೆವೆಲ್ ಏರುತ್ತದೆ? ಅದು ಸತ್ತರೆ ಏನಾಗುತ್ತದೆ? ನಿಯಮಪುಸ್ತಕ ಇವಕ್ಕೆ ಬೇರೆ ಬೇರೆ ಅಧ್ಯಾಯಗಳಲ್ಲಿ ಉತ್ತರ ಕೊಡುತ್ತದೆ. ಆದ್ದರಿಂದ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಬಹಳ ಮಂದಿ ತಿಳಿಯುತ್ತಾರೆ. ನನ್ನ ಪ್ರಕಾರ ಇವೆರಡನ್ನೂ ಒಟ್ಟಿಗೇ ಕಲಿಯಬೇಕು. ಲೆವೆಲ್ ಏರಿದಾಗ ಸಿಗುವ ಹೊಸ ಕೌಶಲ, ಹೊಸ ಮಂತ್ರಗಳು ಕಣ್ಣಿಗೆ ಬೀಳುತ್ತವೆ. ಆದರೆ ಆಟವನ್ನು ಹೆಚ್ಚು ಬದಲಿಸುವುದು ಸಾವು ಆ ಪಾತ್ರದಿಂದ ಎಷ್ಟು ದೂರ ಸರಿಯಿತು ಎಂಬ ಲೆಕ್ಕ. ಮೊದಲ ಲೆವೆಲ್‌ನ ಸಾವು ಒಂದು ಬಗೆ, ಐದನೆಯ ಲೆವೆಲ್‌ನದು ಇನ್ನೊಂದು, ಒಂಬತ್ತನೆಯದು ಮತ್ತೊಂದು.

ಇಲ್ಲಿ ಹೇಳಿರುವುದೆಲ್ಲ 2014ರಲ್ಲಿ ಬಂದ ಐದನೆಯ ಆವೃತ್ತಿಯ ನಿಯಮ. 2024ರ ಪರಿಷ್ಕೃತ ಪುಸ್ತಕದಲ್ಲಿ ಬದಲಾಗಿರುವ ಮುಖ್ಯ ಅಂಶಗಳನ್ನು ಸಂದರ್ಭ ಬಂದಲ್ಲಿ ತಿಳಿಸುತ್ತೇನೆ. ಪುಸ್ತಕ ಕೊಳ್ಳದೆಯೂ ಕಲಿಯಬಹುದು. ಐದನೆಯ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು 2023ರ ಜನವರಿಯಲ್ಲಿ ಪ್ರಕಾಶಕರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದಾರೆ. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತಂದು ಹಂಚಬಹುದು. ಆ ಕೆಲಸ ಯಾರಾದರೂ ಪೂರ್ತಿಯಾಗಿ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಮನಸಾರೆ ಆಸೆ.

ಆಟಕ್ಕೆ ಮೊದಲು ಮಾತಾಡಿಕೊಳ್ಳಬೇಕಾದದ್ದು

ಪಾತ್ರದ ಹಾಳೆ ತುಂಬುವ ಮೊದಲೇ ಎಲ್ಲರೂ ಕೂತು ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಲೆವೆಲ್ ಏರುವುದು ಅನುಭವ ಅಂಕದ ಲೆಕ್ಕದಿಂದಲೋ, ಕಥೆಯ ಘಟ್ಟಗಳಿಂದಲೋ? ಕಥೆ ನಡೆಸುವ, ಎದುರಾಳಿಗಳನ್ನು ಆಡಿಸುವ ಡಂಜನ್ ಮಾಸ್ಟರ್ ದಾಳವನ್ನು ಎಲ್ಲರ ಕಣ್ಣೆದುರು ಉರುಳಿಸುತ್ತಾರೋ, ತೆರೆಯ ಮರೆಯಲ್ಲೋ? ಒಂದು ಪಾತ್ರ ಸತ್ತು ಹೊಸದು ಬಂದರೆ ಅದು ಯಾವ ಲೆವೆಲ್‌ನಲ್ಲಿ ಬರುತ್ತದೆ?

ಮೂರನೆಯದನ್ನು ಮುಂದಕ್ಕೆ ಹಾಕುವವರೇ ಹೆಚ್ಚು. ಹಾಗೆ ಮುಂದಕ್ಕೆ ಹಾಕಿದ ಮಾತು ಒಬ್ಬರ ಪಾತ್ರ ಸತ್ತು ಮನಸ್ಸು ನೊಂದಿರುವ ಹೊತ್ತಿನಲ್ಲಿ ಏಳುತ್ತದೆ. ಆಗ ಹೇಳಿದ ನಿಯಮ ಶಿಕ್ಷೆಯಂತೆ ಕೇಳಿಸುತ್ತದೆ. ಅದೇ ನಿಯಮವನ್ನು ಮೊದಲ ದಿನ ಹೇಳಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ.

ಅನುಭವ ಅಂಕ, ಅಥವಾ ಕಥೆಯ ಘಟ್ಟ

ಅಂಕದ ಪದ್ಧತಿಯಲ್ಲಿ ಸೋಲಿಸಿದ ಪ್ರತಿ ಎದುರಾಳಿಗೂ ಒಂದು ಬೆಲೆ ಇರುತ್ತದೆ. ಕುಬ್ಜ ರಾಕ್ಷಸ ಗಾಬ್ಲಿನ್‌ಗೆ 50, ಅದಕ್ಕಿಂತ ಬಲಿಷ್ಠ ಓರ್ಕ್‌ಗೆ 100, ದೈತ್ಯ ಓಗರ್‌ಗೆ 450. ಒಟ್ಟು ಅಂಕವನ್ನು ಹೋರಾಟದಲ್ಲಿದ್ದವರೆಲ್ಲ ಸಮನಾಗಿ ಹಂಚಿಕೊಳ್ಳುತ್ತಾರೆ. ನಾಲ್ವರ ತಂಡ ನಾಲ್ಕು ಗಾಬ್ಲಿನ್‌ಗಳನ್ನು ಸೋಲಿಸಿದರೆ ತಲಾ 50 ಅಂಕ. ಎರಡನೆಯ ಲೆವೆಲ್‌ಗೆ 300 ಬೇಕು, ಮೂರನೆಯದಕ್ಕೆ 900, ನಾಲ್ಕನೆಯದಕ್ಕೆ 2,700, ಐದನೆಯದಕ್ಕೆ 6,500. ಹತ್ತಕ್ಕೆ 64,000, ಕೊನೆಯದಾದ ಇಪ್ಪತ್ತಕ್ಕೆ 3,55,000. ಇವೆಲ್ಲ ಆರಂಭದಿಂದ ಕೂಡುತ್ತಾ ಬಂದ ಮೊತ್ತ. ಲೆವೆಲ್ ಏರಿದ ಮೇಲೆ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ.

ಡಂಜನ್ ಮಾಸ್ಟರ್ ಆಗುವವರು ಇಲ್ಲಿ ಒಂದು ಕಡೆ ಎಡವುತ್ತಾರೆ. ಎದುರಾಳಿಗಳ ಸಂಖ್ಯೆ ಹೆಚ್ಚಾದಾಗ ಹೋರಾಟದ ಕಠಿಣತೆಯನ್ನು ಅಳೆಯಲು ಅಂಕವನ್ನು ಒಂದೂವರೆ ಪಟ್ಟು, ಎರಡು ಪಟ್ಟು ಮಾಡಿ ನೋಡುವ ಕ್ರಮ 2014ರ ಮಾರ್ಗದರ್ಶಿಯಲ್ಲಿದೆ. ಅದು ಕಠಿಣತೆ ತಿಳಿಯಲು ಮಾತ್ರ. ಆಟಗಾರರಿಗೆ ಹಂಚುವಾಗ ಮೂಲ ಅಂಕವನ್ನೇ ಹಂಚಬೇಕು.

ಘಟ್ಟದ ಪದ್ಧತಿಯಲ್ಲಿ ಲೆಕ್ಕವೇ ಇಲ್ಲ. ಊರನ್ನು ಕಾಡುತ್ತಿದ್ದವರ ನಾಯಕ ಸೆರೆ ಸಿಕ್ಕ, ಕಳೆದುಹೋಗಿದ್ದ ಕೋಟೆಯ ಬಾಗಿಲು ತೆರೆಯಿತು, ಎಲ್ಲರೂ ಲೆವೆಲ್ ಏರಿದರು. ಹೊಸ ತಂಡಕ್ಕೆ ನಾನು ಇದನ್ನೇ ಸೂಚಿಸುತ್ತೇನೆ. ಅಂಕ ಸಿಗುವುದು ಕೊಂದರೆ ಮಾತ್ರ ಎಂಬ ಭಾವನೆ ಒಮ್ಮೆ ಬೇರೂರಿದರೆ ಆಟಗಾರರು ಮಾತುಕತೆಯನ್ನೇ ಮರೆಯುತ್ತಾರೆ, ಓಡಿಹೋಗುವುದನ್ನಂತೂ ಯೋಚಿಸುವುದೇ ಇಲ್ಲ. ಓಡಲು ಗೊತ್ತಿಲ್ಲದ ತಂಡ ಬೇಗ ಸಾಯುತ್ತದೆ. ಅಂಕದ ಪದ್ಧತಿಯೇ ಇಷ್ಟವಾದರೆ ಎದುರಾಳಿಯನ್ನು ಮಾತಿನಲ್ಲಿ ಗೆದ್ದರೂ, ಉಪಾಯದಿಂದ ದಾಟಿ ಹೋದರೂ ಅಷ್ಟೇ ಅಂಕ ಕೊಡುತ್ತೇನೆಂದು ಡಂಜನ್ ಮಾಸ್ಟರ್ ಮೊದಲೇ ಸಾರಬೇಕು.

ಲೆವೆಲ್ ಏರಿದಾಗ ಹಾಳೆಯನ್ನು ತಿದ್ದುವ ಕ್ರಮ

ಆಟದ ಮಧ್ಯೆ ಲೆವೆಲ್ ಏರಿಸುವುದಕ್ಕಿಂತ ಆ ದಿನದ ಆಟ ಮುಗಿದ ಮೇಲೆ, ಪಾತ್ರಗಳು ರಾತ್ರಿಯ ವಿಶ್ರಾಂತಿ ಪಡೆದಾಗ ಏರಿಸುವುದು ಒಳ್ಳೆಯದು. ಇದು ಪುಸ್ತಕದ ನಿಯಮವಲ್ಲ, ಅನುಕೂಲ. ಹಾಳೆ ತಿದ್ದಲು ಸಮಾಧಾನ ಬೇಕು. ಕಲ್ಲೇಶ ಎಂಬ ಫೈಟರ್ (ಯೋಧ) ಪಾತ್ರವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವನ ಸ್ಟ್ರೆಂತ್ (ಮೈಬಲ) 16, ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) 14. ಅಂದರೆ ಸ್ಟ್ರೆಂತ್‌ನಿಂದ ಸಿಗುವ ಮಾಡಿಫೈಯರ್ (ದಾಳದ ಗರಕ್ಕೆ ಕೂಡಿಸುವ ಸಂಖ್ಯೆ) +3, ಕಾನ್‌ಸ್ಟಿಟ್ಯೂಷನ್‌ನಿಂದ +2.

ಮೊದಲು ಹಿಟ್ ಪಾಯಿಂಟ್, ಅಂದರೆ ಪಾತ್ರ ಎಷ್ಟು ಹಾನಿ ತಾಳಬಲ್ಲದು ಎಂಬ ಲೆಕ್ಕ. ಒಂದನೆಯ ಲೆವೆಲ್‌ನಲ್ಲಿ ಪಾತ್ರದ ವರ್ಗಕ್ಕೆ (ಅದರ ಕಸುಬಿಗೆ) ಗೊತ್ತುಮಾಡಿದ ದಾಳದ, ಅಂದರೆ ಹಿಟ್ ಡೈಯ, ಗರಿಷ್ಠ ಸಂಖ್ಯೆ ಪೂರ್ತಿ ಸಿಗುತ್ತದೆ. ಫೈಟರ್‌ಗೆ ಹತ್ತು ಮುಖದ ದಾಳ, ಹಾಗಾಗಿ 10 ಮತ್ತು 2 ಸೇರಿ 12. ಆಮೇಲೆ ಪ್ರತಿ ಲೆವೆಲ್‌ಗೂ ದಾಳ ಉರುಳಿಸಬಹುದು, ಇಲ್ಲವೇ ಪುಸ್ತಕ ಕೊಡುವ ಸ್ಥಿರ ಸಂಖ್ಯೆ ತೆಗೆದುಕೊಳ್ಳಬಹುದು. ಮಂತ್ರವಾದಿ ವಿಜರ್ಡ್‌ಗೆ 4, ದೇವರ ಸೇವಕ ಕ್ಲೆರಿಕ್ ಮತ್ತು ಕಳ್ಳಚಳಕದ ರೋಗ್‌ಗೆ 5, ಫೈಟರ್‌ಗೆ 6, ಕಾಡುಯೋಧ ಬಾರ್ಬೇರಿಯನ್‌ಗೆ 7. ಇದಕ್ಕೆ ಪ್ರತಿ ಸಲವೂ ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ ಸೇರುತ್ತದೆ. ಸ್ಥಿರ ಸಂಖ್ಯೆಯನ್ನೇ ತೆಗೆದುಕೊಳ್ಳಿ ಎಂದು ನಾನು ಒತ್ತಾಯ ಮಾಡಿ ಹೇಳುತ್ತೇನೆ. ದಾಳದ ಸರಾಸರಿಗಿಂತ ಅದು ಅರ್ಧ ಅಂಕ ಹೆಚ್ಚೇ ಇದೆ. ಮೇಲಾಗಿ ಒಂದು ಕೆಟ್ಟ ಗರ ಆ ಪಾತ್ರದ ಜೀವಮಾನವಿಡೀ ಕಾಡುತ್ತದೆ. ಕಲ್ಲೇಶ ಈ ಕ್ರಮದಲ್ಲಿ ಎರಡನೆಯ ಲೆವೆಲ್‌ಗೆ 20, ಮೂರನೆಯದಕ್ಕೆ 28, ನಾಲ್ಕನೆಯದಕ್ಕೆ 36 ಮುಟ್ಟುತ್ತಾನೆ.

ಎರಡನೆಯದಾಗಿ ವರ್ಗದ ಪಟ್ಟಿಯ ಆ ಸಾಲನ್ನು ಓದಿ. ಫೈಟರ್‌ಗೆ ಎರಡರಲ್ಲಿ ಆ್ಯಕ್ಷನ್ ಸರ್ಜ್ (ಒಂದು ಸರದಿಯಲ್ಲಿ ಇನ್ನೊಂದು ಕೆಲಸ ಮಾಡುವ ಅವಕಾಶ), ಮೂರರಲ್ಲಿ ಉಪವರ್ಗದ ಆಯ್ಕೆ, ಐದರಲ್ಲಿ ಒಂದೇ ಸರದಿಯಲ್ಲಿ ಎರಡು ಏಟು. ಹೊಸಬರು ಈ ಹೆಸರುಗಳನ್ನು ಹಾಳೆಯಲ್ಲಿ ಬರೆದುಕೊಂಡು ಸುಮ್ಮನಾಗುತ್ತಾರೆ, ಹೋರಾಟದಲ್ಲಿ ನೆನಪಾಗುವುದಿಲ್ಲ. ಹೆಸರಿನ ಪಕ್ಕದಲ್ಲಿ ಅದು ಏನು ಮಾಡುತ್ತದೆ, ಯಾವ ವಿಶ್ರಾಂತಿಯ ನಂತರ ಮರಳಿ ಸಿಗುತ್ತದೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ.

ನಾಲ್ಕನೆಯ ಲೆವೆಲ್‌ನಲ್ಲಿ ಸಾಮರ್ಥ್ಯ ಹೆಚ್ಚಿಸುವ ಅವಕಾಶ ಮೊದಲ ಬಾರಿಗೆ ಬರುತ್ತದೆ. ಒಂದು ಸಾಮರ್ಥ್ಯಕ್ಕೆ 2, ಅಥವಾ ಎರಡಕ್ಕೆ ಒಂದೊಂದು. 20 ದಾಟುವಂತಿಲ್ಲ. ಮತ್ತೆ 8, 12, 16, 19ರಲ್ಲಿ. ಫೈಟರ್‌ಗೆ 6 ಮತ್ತು 14ರಲ್ಲಿ ಹೆಚ್ಚುವರಿ, ರೋಗ್‌ಗೆ 10ರಲ್ಲಿ. ಇಲ್ಲಿ ಬಹುಮಂದಿ ಬಿಟ್ಟುಬಿಡುವ ಒಂದು ಲೆಕ್ಕವಿದೆ. ಕಲ್ಲೇಶ ತನ್ನ ಕಾನ್‌ಸ್ಟಿಟ್ಯೂಷನ್ ಅನ್ನು 14ರಿಂದ 16ಕ್ಕೆ ಏರಿಸಿದರೆ ಮಾಡಿಫೈಯರ್ +3 ಆಗುತ್ತದೆ. ಆ ಹೆಚ್ಚಳ ಹಿಂದಿನ ಎಲ್ಲ ಲೆವೆಲ್‌ಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ಅವನ ಹಿಟ್ ಪಾಯಿಂಟ್ 36 ಅಲ್ಲ, 37 ಅಲ್ಲ, 40. ಬದಲಿಗೆ ಸ್ಟ್ರೆಂತ್ 18ಕ್ಕೆ ಏರಿಸಿದರೆ ಏಟು ತಗುಲಿತೇ ಎಂದು ನೋಡುವ ದಾಳಕ್ಕೆ ಸೇರುವ +5 ಈಗ +6 ಆಗುತ್ತದೆ, ಪ್ರತಿ ಏಟಿನ ಹಾನಿಯೂ ಒಂದು ಹೆಚ್ಚುತ್ತದೆ.

ಮೂರನೆಯದು ಪ್ರಾಫಿಷಿಯನ್ಸಿ ಬೋನಸ್, ಅಂದರೆ ಪಾತ್ರ ಕಲಿತ ಕೆಲಸಗಳ ದಾಳಕ್ಕೆ ಸೇರುವ ಸಂಖ್ಯೆ. ನಾಲ್ಕರವರೆಗೆ +2, ಐದರಿಂದ +3, ಒಂಬತ್ತರಿಂದ +4, ಹದಿಮೂರರಿಂದ +5, ಹದಿನೇಳರಿಂದ +6. ಇದು ಬದಲಾದ ದಿನ ಹಾಳೆಯ ಹತ್ತಾರು ಕಡೆ ತಿದ್ದಬೇಕಾಗುತ್ತದೆ: ಆಯುಧಗಳ ಸಂಖ್ಯೆ, ಸೇವಿಂಗ್ ಥ್ರೋ (ಅಪಾಯದಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳ), ಕಲಿತ ಕೌಶಲಗಳು, ಮಂತ್ರ ಹಾಕುವವರಾದರೆ ಎದುರಾಳಿ ಮುಟ್ಟಬೇಕಾದ ಸಂಖ್ಯೆ. ಪೆನ್ಸಿಲ್‌ನಲ್ಲಿ ಬರೆಯಿರಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಕೊನೆಗೆ ಮಂತ್ರಗಳು. ವಿಜರ್ಡ್ ಪ್ರತಿ ಲೆವೆಲ್‌ಗೂ ಎರಡು ಹೊಸ ಮಂತ್ರಗಳನ್ನು ತನ್ನ ಪುಸ್ತಕಕ್ಕೆ ಬರೆದುಕೊಳ್ಳುತ್ತಾನೆ. ಕ್ಲೆರಿಕ್‌ಗೆ ತನ್ನ ಪಟ್ಟಿಯ ಎಲ್ಲ ಮಂತ್ರಗಳೂ ತಿಳಿದಿರುತ್ತವೆ. ಅವುಗಳಲ್ಲಿ ವಿಸ್‌ಡಮ್ (ವಿವೇಕ) ಮಾಡಿಫೈಯರ್ ಮತ್ತು ಲೆವೆಲ್ ಕೂಡಿಸಿದಷ್ಟನ್ನು ಪ್ರತಿದಿನ ಸಿದ್ಧಪಡಿಸಿಕೊಳ್ಳಬಹುದು.

ಎರಡು ವರ್ಗಗಳನ್ನು ಬೆರೆಸುವುದಕ್ಕೂ ನಿಯಮ ಇದೆ. ಎರಡೂ ವರ್ಗಗಳ ಮುಖ್ಯ ಸಾಮರ್ಥ್ಯ ಕನಿಷ್ಠ 13 ಇರಬೇಕು. ಐದನೆಯ ಲೆವೆಲ್ ಮುಟ್ಟುವ ಮೊದಲು ಆ ದಾರಿ ಹಿಡಿಯಬೇಡಿ. ಐದರಲ್ಲಿ ಸಿಗುವ ಎರಡನೆಯ ಏಟು ಅಥವಾ ಮೂರನೆಯ ಹಂತದ ಮಂತ್ರ ಮುಂದಕ್ಕೆ ಹೋಗುತ್ತದೆ, ಅದು ಬಹಳ ದುಬಾರಿ.

ಮೊದಲ ಲೆವೆಲ್ ಯಾಕೆ ಇಷ್ಟು ಅಪಾಯ

ಸಾವಿನ ನಿಯಮಕ್ಕೆ ಬರುವ ಮೊದಲು ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಐದನೆಯ ಆವೃತ್ತಿಯಲ್ಲಿ ಒಮ್ಮೆಗೇ ಸಾಯುವ ನಿಯಮವೊಂದಿದೆ. ಏಟು ಬಿದ್ದು ಹಿಟ್ ಪಾಯಿಂಟ್ ಸೊನ್ನೆಯಾದ ಮೇಲೂ ಉಳಿದ ಹಾನಿ ಪಾತ್ರದ ಗರಿಷ್ಠ ಹಿಟ್ ಪಾಯಿಂಟ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಾತ್ರ ಅಲ್ಲೇ ಸಾಯುತ್ತದೆ, ಉಳಿಸುವ ಅವಕಾಶವೇ ಇಲ್ಲ.

ಈಗ ಕಾನ್‌ಸ್ಟಿಟ್ಯೂಷನ್ 12 ಇರುವ, ಒಂದನೆಯ ಲೆವೆಲ್‌ನ ವಿಜರ್ಡ್ ಒಬ್ಬಳನ್ನು ಊಹಿಸಿಕೊಳ್ಳಿ. ಹಿಟ್ ಪಾಯಿಂಟ್ 7. ಎದುರಿಗೆ ಓರ್ಕ್. ಅದರ ಕೊಡಲಿಯ ಏಟು ಹನ್ನೆರಡು ಮುಖದ ದಾಳ ಮತ್ತು 3. ವಿಜರ್ಡ್‌ಗೆ ಒಂದು ಗಾಯವೂ ಆಗಿಲ್ಲ. ಆದರೂ 14 ಹಾನಿ ಆದರೆ ಅವಳು ಸತ್ತಳು: ಏಳು ಕಳೆದು ಸೊನ್ನೆ, ಉಳಿದದ್ದು ಏಳು. ದಾಳದಲ್ಲಿ 11 ಅಥವಾ 12 ಬಿದ್ದರೆ ಸಾಕು. ಅಂದರೆ ಆ ಕೊಡಲಿ ಅವಳಿಗೆ ತಗುಲಿದಾಗಲೆಲ್ಲ ಆರರಲ್ಲಿ ಒಂದು ಸಲ ನೇರ ಸಾವು. ಮೊದಲೇ ಗಾಯಗೊಂಡು 3 ಹಿಟ್ ಪಾಯಿಂಟ್ ಉಳಿದಿದ್ದರೆ 10 ಹಾನಿ ಸಾಕು. ಆಗ ಎರಡರಲ್ಲಿ ಒಂದು ಸಲ.

ಅದೇ ವಿಜರ್ಡ್ ಎರಡನೆಯ ಲೆವೆಲ್‌ಗೆ ಏರಿದಳು, ಹಿಟ್ ಪಾಯಿಂಟ್ 12. ಗಾಯವಿಲ್ಲದಿದ್ದರೆ ನೇರ ಸಾವಿಗೆ ಈಗ 24 ಹಾನಿ ಬೇಕು. ಓರ್ಕ್‌ನ ಸಾಧಾರಣ ಏಟು 15 ದಾಟುವುದಿಲ್ಲ, ದಾಳ ಎರಡು ಸಲ ಉರುಳುವ ಕ್ರಿಟಿಕಲ್ ಏಟು ಮಾತ್ರ ಅಷ್ಟು ಮುಟ್ಟೀತು. ಮೂರನೆಯ ಲೆವೆಲ್‌ಗೆ 17. ಇನ್ನು ಓರ್ಕ್‌ನ ಸಾಧಾರಣ ಏಟಿನಿಂದ ಒಮ್ಮೆಗೇ ಸಾಯುವುದು ಸಾಧ್ಯವೇ ಇಲ್ಲ, ಅವಳ ಬಳಿ ಒಂದೇ ಒಂದು ಹಿಟ್ ಪಾಯಿಂಟ್ ಉಳಿದಿದ್ದರೂ.

ಎರಡು ಲೆವೆಲ್‌ನಲ್ಲಿ ಇಷ್ಟು ವ್ಯತ್ಯಾಸ. ಅದಕ್ಕೇ ಮೊದಲ ಲೆವೆಲ್ ಅನ್ನು ಒಂದೆರಡು ಭೇಟಿಗಳಲ್ಲಿ ದಾಟಿಸಿಬಿಡಿ ಎಂದು ಡಂಜನ್ ಮಾಸ್ಟರ್‌ಗಳಿಗೆ ಹೇಳುತ್ತೇನೆ. ಅಲ್ಲಿಯವರೆಗೆ ಓರ್ಕ್, ಓಗರ್‌ಗಳನ್ನು ದೂರವಿಡಿ. ಗಾಬ್ಲಿನ್‌ನ ಏಟು ಆರು ಮುಖದ ದಾಳ ಮತ್ತು 2, ಸಾಧಾರಣ ಏಟು ಎಂಟನ್ನು ಮೀರುವುದಿಲ್ಲ. ಅಷ್ಟು ಸಾಕು. ಮೊದಲ ಲೆವೆಲ್‌ನ ಪಾತ್ರಕ್ಕೆ ಅದೇ ಪ್ರಾಣಕ್ಕೆ ಸಂಚಕಾರ.

ಸೊನ್ನೆಗೆ ಇಳಿದಾಗ

1974ರ ಮೊದಲ ಆವೃತ್ತಿಯಲ್ಲಿ ಹಿಟ್ ಪಾಯಿಂಟ್ ಸೊನ್ನೆಯಾದರೆ ಪಾತ್ರ ಸತ್ತಂತೆಯೇ. ಮುಂದಿನ ಆವೃತ್ತಿಗಳು ಸೊನ್ನೆಗೂ ಸಾವಿಗೂ ನಡುವೆ ಸ್ವಲ್ಪ ಸ್ವಲ್ಪ ಜಾಗ ಮಾಡುತ್ತಾ ಬಂದವು. ಐದನೆಯ ಆವೃತ್ತಿ ಆ ಜಾಗವನ್ನು ಡೆತ್ ಸೇವ್ ಎಂಬ ನಿಯಮದಿಂದ ತುಂಬಿದೆ. ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ನಿಯಮ ಇದು. ಮೇಜಿನ ಸುತ್ತ ಅಷ್ಟು ಹೊತ್ತು ಹರಟುತ್ತಿದ್ದವರು ತಟ್ಟನೆ ಸುಮ್ಮನಾಗಿ ಒಂದು ದಾಳವನ್ನೇ ನೋಡುತ್ತಾರೆ.

ಕಲ್ಲೇಶ ಒಂದನೆಯ ಲೆವೆಲ್‌ನಲ್ಲಿದ್ದಾನೆ ಎಂದುಕೊಳ್ಳಿ. ಗರಿಷ್ಠ 12, ಈಗ ಉಳಿದದ್ದು 5. ಓಗರ್‌ನ ದೊಣ್ಣೆ ಬೀಸಿ ಬಂದು 15 ಹಾನಿ ಮಾಡಿತು. ಮೊದಲು ನೇರ ಸಾವಿನ ಲೆಕ್ಕ: 15ರಲ್ಲಿ 5 ಹೋದರೆ 10, ಅದು 12ಕ್ಕಿಂತ ಕಡಿಮೆ. ಸಾಯಲಿಲ್ಲ. ಹಿಟ್ ಪಾಯಿಂಟ್ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ಉಳಿದ ಹತ್ತನ್ನು ಮರೆತುಬಿಡಿ. ಅವನು ಪ್ರಜ್ಞೆ ತಪ್ಪಿ ನೆಲಕ್ಕೆ ಬೀಳುತ್ತಾನೆ, ಕೈಯಲ್ಲಿದ್ದದ್ದು ಜಾರುತ್ತದೆ. ಬಿದ್ದವನು ಏಕಾಗ್ರತೆ ಬೇಡುವ ಮಂತ್ರ ಹಿಡಿದಿದ್ದರೆ ಅದು ಆ ಕ್ಷಣವೇ ಕಳಚುತ್ತದೆ.

ಅವನ ಸರದಿ ಬಂದಾಗ, ಸರದಿಯ ಆರಂಭದಲ್ಲೇ, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಯಾವ ಸಾಮರ್ಥ್ಯವೂ ಇದಕ್ಕೆ ಸೇರುವುದಿಲ್ಲ. 10 ಅಥವಾ ಹೆಚ್ಚು ಬಂದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು. ಮೂರು ಗೆಲುವಾದರೆ ಸ್ಥಿತಿ ಸ್ಥಿರ, ಮೂರು ಸೋಲಾದರೆ ಸಾವು. ಅವು ಒಂದರ ಹಿಂದೆ ಒಂದು ಬರಬೇಕೆಂದಿಲ್ಲ. 1 ಬಿದ್ದರೆ ಎರಡು ಸೋಲು. 20 ಬಿದ್ದರೆ ಒಂದು ಹಿಟ್ ಪಾಯಿಂಟ್ ಸಿಕ್ಕಿ ಪಾತ್ರ ಕಣ್ಣು ಬಿಡುತ್ತದೆ, ಅದೇ ಸರದಿಯಲ್ಲಿ ಆಡಲೂಬಹುದು.

ಯಾರೂ ನೆರವಾಗದೆ, ಯಾರೂ ಮತ್ತೆ ಹೊಡೆಯದೆ ಬಿಟ್ಟರೆ ಬದುಕುವ ಸಾಧ್ಯತೆ ಎಷ್ಟು? ಲೆಕ್ಕ ಹಾಕಿದರೆ ನೂರರಲ್ಲಿ ಸುಮಾರು 60 ಸಲ ಬದುಕು, 40 ಸಲ ಸಾವು. ಆದರೆ ಒಂದು ಸೋಲು ಬಿದ್ದ ಮೇಲೆ ಸಾವಿನ ಪಾಲು 58ಕ್ಕೆ ಏರುತ್ತದೆ. ಗೆಲುವಿಲ್ಲದೆ ಎರಡು ಸೋಲಾದ ಮೇಲೆ 79ಕ್ಕೆ. ಈ ಮೂರು ಸಂಖ್ಯೆ ನೆನಪಿಟ್ಟುಕೊಳ್ಳಿ. ಮೊದಲ ಸೋಲು ಬೀಳುವವರೆಗೆ ಕಾಯೋಣ ಎಂದು ತಂಡ ಅಂದುಕೊಂಡರೆ, ಅಷ್ಟರಲ್ಲಿ ಅದೃಷ್ಟ ಗೆಳೆಯನ ಪಕ್ಷ ಬಿಟ್ಟಿರುತ್ತದೆ.

ಬಿದ್ದವನಿಗೆ ಮತ್ತೆ ಏಟು ಬಿದ್ದರೆ? ಯಾವ ಹಾನಿಯಾದರೂ ಒಂದು ಸೋಲು. ಆದರೆ ಪ್ರಜ್ಞೆ ಇಲ್ಲದವನನ್ನು ಐದು ಅಡಿಯೊಳಗಿನಿಂದ ಹೊಡೆದು ತಗುಲಿದರೆ ಅದು ತಾನಾಗಿ ಕ್ರಿಟಿಕಲ್, ಮತ್ತು ಕ್ರಿಟಿಕಲ್ ಏಟಿಗೆ ಎರಡು ಸೋಲು. ಕಲ್ಲೇಶನಿಗೆ ತನ್ನ ಸರದಿಯಲ್ಲಿ 7 ಬಿತ್ತು, ಒಂದು ಸೋಲು. ಪಕ್ಕದಲ್ಲೇ ನಿಂತ ಓಗರ್ ಇನ್ನೊಮ್ಮೆ ದೊಣ್ಣೆ ಇಳಿಸಿ ತಗುಲಿಸಿದರೆ ಮೂರು ಸೋಲು ತುಂಬಿತು. ಬಿದ್ದ ಕ್ಷಣದಿಂದ ಸಾವಿನವರೆಗೆ ಒಂದು ಸುತ್ತು, ಆಟದ ಲೆಕ್ಕದಲ್ಲಿ ಆರು ಸೆಕೆಂಡು. ಅದೂ ಅಲ್ಲದೆ ಬಿದ್ದವನ ಮೇಲಿನ ಆ ಏಟಿನ ಹಾನಿ ಅವನ ಗರಿಷ್ಠ ಹಿಟ್ ಪಾಯಿಂಟ್ ಮುಟ್ಟಿದರೆ ಸೋಲು ಎಣಿಸುವ ಅಗತ್ಯವೂ ಇಲ್ಲ, ನೇರ ಸಾವು.

ಬಿದ್ದವನನ್ನು ಉಳಿಸುವ ದಾರಿಗಳು

ಎಲ್ಲಕ್ಕಿಂತ ಚುರುಕಾದದ್ದು ಹೀಲಿಂಗ್ ವರ್ಡ್ ಎಂಬ ಮೊದಲ ಹಂತದ ಮಂತ್ರ. ಅರವತ್ತು ಅಡಿ ದೂರದಿಂದ, ಬೋನಸ್ ಆ್ಯಕ್ಷನ್‌ನಲ್ಲೇ (ಸರದಿಯ ಮುಖ್ಯ ಕೆಲಸ ಕಳೆದುಕೊಳ್ಳದೆ) ಹಾಕಬಹುದು. ಮಾಲಿನಿ ಎಂಬ ಕ್ಲೆರಿಕ್, ವಿಸ್‌ಡಮ್ ಮಾಡಿಫೈಯರ್ +3, ನಾಲ್ಕು ಮುಖದ ದಾಳದಲ್ಲಿ 2 ಹಾಕಿದಳು. ಕಲ್ಲೇಶನಿಗೆ 5 ಹಿಟ್ ಪಾಯಿಂಟ್. ಅಲ್ಲಿಯವರೆಗಿನ ಗೆಲುವು ಸೋಲುಗಳೆಲ್ಲ ಅಳಿಸಿಹೋದವು. ಅವನು ತನ್ನ ಸರದಿಯಲ್ಲಿ ಅರ್ಧ ನಡಿಗೆ ಖರ್ಚುಮಾಡಿ ಎದ್ದು, ಜಾರಿದ ಕತ್ತಿ ಎತ್ತಿಕೊಂಡು, ಮತ್ತೆ ಹೊಡೆಯಬಹುದು. ಮೊದಲ ಲೆವೆಲ್‌ನ ಕ್ಲೆರಿಕ್‌ಗೆ ದಿನಕ್ಕೆ ಎರಡೇ ಸ್ಲಾಟ್, ಅಂದರೆ ಇಂಥ ಮಂತ್ರ ಹಾಕುವ ಎರಡೇ ಅವಕಾಶ. ಅದರಲ್ಲಿ ಒಂದನ್ನು ಇದಕ್ಕಾಗಿ ಕಾದಿಡಿ.

ಕ್ಯೂರ್ ವೂಂಡ್ಸ್ ಎಂಬ ಮಂತ್ರ ಹೆಚ್ಚು ಗುಣಪಡಿಸುತ್ತದೆ, ಆದರೆ ಮುಟ್ಟಬೇಕು, ಪೂರ್ತಿ ಆ್ಯಕ್ಷನ್ ಬೇಕು. 2024ರ ನಿಯಮದಲ್ಲಿ ಈ ಎರಡೂ ಮಂತ್ರಗಳ ದಾಳ ಇಮ್ಮಡಿಯಾಗಿದೆ.

ಮಂತ್ರ ಬಾರದವರು ಕೈಕಟ್ಟಿ ನಿಲ್ಲಬೇಕಿಲ್ಲ. ಹತ್ತಿರ ಹೋಗಿ ವಿಸ್‌ಡಮ್ ಆಧಾರದ ಮೆಡಿಸಿನ್ ಪರೀಕ್ಷೆಯಲ್ಲಿ 10 ಮುಟ್ಟಿದರೆ ಬಿದ್ದವನ ಸ್ಥಿತಿ ಸ್ಥಿರವಾಗುತ್ತದೆ. ಅದೂ ಬೇಡವೆಂದರೆ ಹೀಲರ್ಸ್ ಕಿಟ್ (ಚಿಕಿತ್ಸೆಯ ಚೀಲ) ಕೊಳ್ಳಿ. ಐದು ಚಿನ್ನದ ನಾಣ್ಯಕ್ಕೆ ಹತ್ತು ಸಲ ಬಳಸಬಹುದು, ದಾಳವೇ ಬೇಕಿಲ್ಲ. ಇಡೀ ಆಟದಲ್ಲಿ ಇಷ್ಟು ಅಗ್ಗವಾಗಿ ಪ್ರಾಣ ಸಿಗುವ ಇನ್ನೊಂದು ವಸ್ತು ಇಲ್ಲ. ಆದರೂ ಹೊಸಬರು ಹಗ್ಗ, ಪಂಜು, ಎರಡನೆಯ ಕತ್ತಿ ಎಲ್ಲ ಕೊಂಡು ಇದನ್ನು ಮರೆಯುತ್ತಾರೆ. ತಂಡದ ಪ್ರತಿಯೊಬ್ಬರ ಬಳಿಯೂ ಒಂದಿರಲಿ. ಸ್ಥಿರವಾದವನು ಎಚ್ಚರಗೊಳ್ಳುವುದಿಲ್ಲ ಎಂಬುದನ್ನೂ ಗಮನಿಸಿ. ಬೇರೆ ಚಿಕಿತ್ಸೆ ಸಿಗದಿದ್ದರೆ ಒಂದರಿಂದ ನಾಲ್ಕು ಗಂಟೆ ಕಳೆದ ಮೇಲೆ ಒಂದು ಹಿಟ್ ಪಾಯಿಂಟ್ ಬರುತ್ತದೆ. ಅಷ್ಟರಲ್ಲಿ ಏಟು ಬಿದ್ದರೆ ಡೆತ್ ಸೇವ್ ಮತ್ತೆ ಶುರು.

ಹೀಲಿಂಗ್ ವರ್ಡ್‌ನಿಂದ ಎದ್ದು ಬಿದ್ದು ಎದ್ದು ಬೀಳುವ ಆಟ ಅತಿಯಾಯಿತು ಎಂದು ಕೆಲವು ತಂಡಗಳು ಸೊನ್ನೆಗೆ ಇಳಿದಾಗಲೆಲ್ಲ ಒಂದು ಹಂತದ ಎಕ್ಸಾಶ್ಚನ್ (ಬಳಲಿಕೆ) ಸೇರಿಸುತ್ತವೆ. ಎಕ್ಸಾಶ್ಚನ್ ಆರನೆಯ ಹಂತ ಮುಟ್ಟಿದರೆ ಅದೇ ಸಾವು. ಐದನೆಯ ಲೆವೆಲ್ ದಾಟಿದ ತಂಡಕ್ಕೆ ಈ ಮನೆನಿಯಮ ಹೊಂದುತ್ತದೆ. ಅದಕ್ಕಿಂತ ಕೆಳಗೆ ಇದು ಕ್ರೂರ. ಅಲ್ಲಿ ಪಾತ್ರಗಳು ಬೀಳುವುದು ಅಜಾಗರೂಕತೆಯಿಂದಲ್ಲ, ಹಿಟ್ ಪಾಯಿಂಟ್ ಇಲ್ಲದ್ದರಿಂದ.

ಡಂಜನ್ ಮಾಸ್ಟರ್ ಆದವರಿಗೆ

ದಾಳವನ್ನು ತಿರುಚಬೇಡಿ. ಪಾತ್ರವನ್ನು ಉಳಿಸಬೇಕೆಂಬ ಅಕ್ಕರೆಯಿಂದಲೇ ಮಾಡಿದರೂ ಒಮ್ಮೆ ಆಟಗಾರರಿಗೆ ಗೊತ್ತಾದರೆ ಮುಂದಿನ ಗೆಲುವುಗಳೂ ಸಪ್ಪೆಯಾಗುತ್ತವೆ. ಕರುಣೆ ತೋರಿಸಲು ಜಾಗ ಬೇರೆ ಕಡೆ ಇದೆ, ಅದು ಎದುರಾಳಿಯ ನಡವಳಿಕೆ. ಹಸಿದ ತೋಳ ಬಿದ್ದವನನ್ನು ಎಳೆದೊಯ್ಯಲು ನೋಡುತ್ತದೆ. ಕೂಲಿಗೆ ಬಂದ ದರೋಡೆಕೋರ ಇನ್ನೂ ನಿಂತಿರುವವರ ಕಡೆ ತಿರುಗುತ್ತಾನೆ. ಸೆರೆಯಾಳು ಬೇಕಾದವನು ಕೊನೆಯ ಏಟನ್ನು ಪ್ರಜ್ಞೆ ತಪ್ಪಿಸುವುದಕ್ಕಷ್ಟೇ ಹೊಡೆಯಬಹುದು, ಹತ್ತಿರದ ಆಯುಧದ ಏಟಿಗೆ ನಿಯಮವೇ ಆ ಅವಕಾಶ ಕೊಡುತ್ತದೆ. ಬಿದ್ದವನನ್ನೇ ಮತ್ತೆ ಹೊಡೆಯುವ ಎದುರಾಳಿಯನ್ನು ತರುವುದಾದರೆ ಅವನು ಹಾಗೆ ಮಾಡುವವನು ಎಂಬುದು ಮೊದಲೇ ತಿಳಿದಿರಲಿ. ಹಳ್ಳಿಯವರ ಬಾಯಲ್ಲಿ ಕೇಳಿಸಿ, ಅವನು ಬಿಟ್ಟುಹೋದ ಹೆಣಗಳಲ್ಲಿ ತೋರಿಸಿ.

ಹೋರಾಟ ಯೋಜಿಸುವಾಗ ತಂಡದಲ್ಲಿ ಅತಿ ಕಡಿಮೆ ಹಿಟ್ ಪಾಯಿಂಟ್ ಇರುವವರ ಗರಿಷ್ಠವನ್ನು ಎರಡರಿಂದ ಗುಣಿಸಿ. ಎದುರಾಳಿಯ ಒಂದು ಏಟು ಅಷ್ಟನ್ನು ಮುಟ್ಟಬಲ್ಲದೇ ನೋಡಿ. ಮೂರನೆಯ ಲೆವೆಲ್‌ನ ನಮ್ಮ ವಿಜರ್ಡ್‌ಗೆ ಅದು 34. ಫೈರ್‌ಬಾಲ್ ಮಂತ್ರ ಆರು ಮುಖದ ಎಂಟು ದಾಳ ಉರುಳಿಸುತ್ತದೆ, ಸರಾಸರಿ 28. ಅವಳು ಸೇವಿಂಗ್ ಥ್ರೋ ಸೋತರೆ ಹತ್ತರಲ್ಲಿ ಒಂದಕ್ಕಿಂತ ತುಸು ಹೆಚ್ಚು ಸಲ ನೇರ ಸಾವು. ಅವಳಿಗಿದ್ದ ಹಿಟ್ ಪಾಯಿಂಟ್ ಪೂರ್ತಿಯಾಗಿದ್ದರೂ.

ಸತ್ತವರನ್ನು ಮರಳಿ ತರುವುದು

ಇಲ್ಲಿ ಲೆವೆಲ್ ಮತ್ತು ಸಾವಿನ ನಂಟು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಕ್ಲೆರಿಕ್ ಐದನೆಯ ಲೆವೆಲ್ ಮುಟ್ಟುವವರೆಗೆ ತಂಡದ ಕೈಯಲ್ಲಿ ಮರಳಿ ತರುವ ದಾರಿಯೇ ಇಲ್ಲ. ಐದರಲ್ಲಿ ರಿವಿವಿಫೈ ಎಂಬ ಮಂತ್ರ ಸಿಗುತ್ತದೆ. ಸತ್ತು ಒಂದು ನಿಮಿಷದೊಳಗೆ ಮುಟ್ಟಿ ಹಾಕಬೇಕು, 300 ಚಿನ್ನದ ನಾಣ್ಯ ಬೆಲೆಯ ವಜ್ರಗಳು ಕರಗಿಹೋಗುತ್ತವೆ, ಪಾತ್ರ ಒಂದು ಹಿಟ್ ಪಾಯಿಂಟ್‌ನೊಂದಿಗೆ ಏಳುತ್ತದೆ. ಒಂದು ನಿಮಿಷ ಅಂದರೆ ಹತ್ತು ಸುತ್ತು. ಆದ್ದರಿಂದ ಯಾರಾದರೂ ಸತ್ತ ಸುತ್ತಿನ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ. ಇನ್ನೊಂದು ಎಚ್ಚರಿಕೆ: ವಜ್ರ ಕ್ಲೆರಿಕ್‌ನ ಚೀಲದಲ್ಲೇ ಇರಲಿ, ಮತ್ತು ಹಣ ಕೂಡಿದ ತಕ್ಷಣ ಮೊದಲು ಕೊಳ್ಳುವ ವಸ್ತು ಅದಾಗಿರಲಿ. ಊರಿನಲ್ಲಿ ಕೊಳ್ಳದ ವಜ್ರ ಗುಹೆಯಲ್ಲಿ ಸಿಗುವುದಿಲ್ಲ. ಧರ್ಮಯೋಧ ಪ್ಯಾಲಡಿನ್‌ಗೂ ಈ ಮಂತ್ರ ಇದೆ, ಆದರೆ ಒಂಬತ್ತನೆಯ ಲೆವೆಲ್‌ನಲ್ಲಿ.

ಒಂಬತ್ತರಲ್ಲಿ ಕ್ಲೆರಿಕ್ ಮತ್ತು ಗಾಯಕ ಬಾರ್ಡ್‌ಗೆ ರೇಸ್ ಡೆಡ್ ಮಂತ್ರ. ಸತ್ತು ಹತ್ತು ದಿನದವರೆಗೂ ಅವಕಾಶ, 500 ನಾಣ್ಯದ ವಜ್ರ, ಒಂದು ಗಂಟೆಯ ವಿಧಿ. ಮರಳಿದವರ ಏಟು, ಸೇವ್, ಪರೀಕ್ಷೆಗಳಿಗೆಲ್ಲ 4 ಕಡಿತ, ಪ್ರತಿ ದೀರ್ಘ ವಿಶ್ರಾಂತಿಗೆ ಅದು ಒಂದೊಂದಾಗಿ ಇಳಿಯುತ್ತದೆ. ತಲೆಯಂತಹ ಪ್ರಾಣಾಧಾರದ ಅಂಗ ಇಲ್ಲದಿದ್ದರೆ ಮಂತ್ರ ಫಲಿಸದು. ಅದೇ ಲೆವೆಲ್‌ನಲ್ಲಿ ಪ್ರಕೃತಿಯ ಮಂತ್ರಗಾರ ಡ್ರೂಯಿಡ್‌ಗೆ ಸಿಗುವ ರೀಇನ್‌ಕಾರ್ನೇಟ್ 1,000 ನಾಣ್ಯದ ತೈಲಗಳನ್ನು ಬೇಡುತ್ತದೆ, ಆತ್ಮವನ್ನು ಹೊಸ ದೇಹದಲ್ಲಿ ಇಳಿಸುತ್ತದೆ. ಆ ದೇಹ ಯಾವ ಕುಲದ್ದೆಂಬುದನ್ನು ದಾಳ ಹೇಳುತ್ತದೆ. ಕುಳ್ಳರ ಕುಲದ ಡ್ವಾರ್ಫ್ ಆಗಿ ಸತ್ತವನು ಎಲ್ಫ್ ಕುಲದವನಾಗಿ ಎದ್ದು, ತನ್ನ ಮನೆಯವರಿಗೆ ತಾನು ಯಾರೆಂದು ತಿಳಿಸಬೇಕಾಗಿ ಬರುವ ಕಥೆ ನನಗೆ ಬಹಳ ಇಷ್ಟ. ಅವಕಾಶ ಸಿಕ್ಕರೆ ಇದನ್ನು ಬಿಡಬೇಡಿ.

ಹದಿಮೂರರಲ್ಲಿ ರೆಸರೆಕ್ಷನ್, 1,000 ನಾಣ್ಯದ ವಜ್ರ, ನೂರು ವರ್ಷದ ಅವಧಿ. ಹದಿನೇಳರಲ್ಲಿ ಟ್ರೂ ರೆಸರೆಕ್ಷನ್, 25,000 ನಾಣ್ಯದ ವಜ್ರ, ಇನ್ನೂರು ವರ್ಷ, ದೇಹವೂ ಉಳಿದಿರಬೇಕಿಲ್ಲ.

ತಂಡದ ಲೆವೆಲ್ ಕಡಿಮೆಯಿದ್ದು ದೂರದ ಗುಡಿಗೆ ಹೆಣ ಹೊತ್ತೊಯ್ಯುತ್ತಿದ್ದರೆ ಜೆಂಟಲ್ ರಿಪೋಸ್ ಎಂಬ ಎರಡನೆಯ ಹಂತದ ಮಂತ್ರ ನೆನಪಿರಲಿ. ಅದು ಹತ್ತು ದಿನ ದೇಹವನ್ನು ಕೆಡದಂತೆ ಕಾಯುತ್ತದೆ. ಆ ದಿನಗಳು ಮರಳಿ ತರುವ ಗಡುವಿಗೆ ಲೆಕ್ಕವಾಗುವುದಿಲ್ಲ. ಮತ್ತೆ, ಈ ಎಲ್ಲ ವಿಧಿಗಳಿಗೂ ಮುನ್ನ ಆ ಪಾತ್ರದ ಆಟಗಾರರನ್ನು ಕೇಳಿ. ಬರಲೊಲ್ಲದ ಆತ್ಮವನ್ನು ಯಾವ ವಜ್ರವೂ ಎಳೆದು ತರಲಾರದು. ಅವರ ಕಥೆ ಅಲ್ಲಿಗೆ ಸರಿಯಾಗಿ ಮುಗಿಯಿತು ಎಂದು ಅವರಿಗೆ ಅನ್ನಿಸಿದ್ದರೆ ಆ ಮಾತಿಗೆ ಬೆಲೆ ಕೊಡಿ.

ಮರಳಿ ಬಾರದಿದ್ದರೆ

ಹೊಸ ಪಾತ್ರವನ್ನು ಒಂದನೆಯ ಲೆವೆಲ್‌ನಿಂದ ಶುರುಮಾಡಿಸುವವರು ಒಂದು ವಾದ ಹೂಡುತ್ತಾರೆ: ಕೆಳಗಿನ ಲೆವೆಲ್‌ಗಳಿಗೆ ಅಂಕ ಕಡಿಮೆ ಬೇಕು, ಬೇಗ ಜೊತೆಗೂಡುತ್ತಾನೆ. ಲೆಕ್ಕ ಸರಿಯೇ. ಐದರಿಂದ ಆರಕ್ಕೆ ಏರಲು ಉಳಿದವರಿಗೆ 7,500 ಅಂಕ ಬೇಕು. ಅಷ್ಟೇ ಅಂಕ ಹೊಸಬನಿಗೂ ಸಿಕ್ಕರೆ ಅವನು ಐದನೆಯ ಲೆವೆಲ್ ಮುಟ್ಟಿರುತ್ತಾನೆ. ಆದರೆ ಆ ದಾರಿಯನ್ನು ಅವನು 7 ಹಿಟ್ ಪಾಯಿಂಟ್ ಹಿಡಿದು, ಐದನೆಯ ಲೆವೆಲ್‌ನವರಿಗಾಗಿ ಹೆಣೆದ ಹೋರಾಟಗಳಲ್ಲಿ ನಡೆಯಬೇಕು. ಓರ್ಕ್ ಮತ್ತು ವಿಜರ್ಡ್‌ನ ಲೆಕ್ಕ ನೋಡಿದವರಿಗೆ ಅದು ಎಲ್ಲಿ ಮುಗಿಯುತ್ತದೆಂದು ಗೊತ್ತು. ತಂಡದ ಲೆವೆಲ್‌ನಲ್ಲೇ ತನ್ನಿ. ಸಾವಿಗೆ ಬೆಲೆ ಇರಲೇಬೇಕೆಂದರೆ ಒಂದು ಲೆವೆಲ್ ಕೆಳಗೆ, ಅದಕ್ಕಿಂತ ಇಳಿಸಬೇಡಿ.

ಸತ್ತವನ ಆಯುಧ, ಹಣ, ಮಾಂತ್ರಿಕ ವಸ್ತುಗಳ ವಿಷಯ ಅದೇ ಸಂಜೆ ಮುಗಿಸಿ. ತಂಡ ಅವನ್ನೆಲ್ಲ ಹಂಚಿಕೊಂಡು, ಹೊಸ ಪಾತ್ರವೂ ತನ್ನ ಲೆವೆಲ್‌ಗೆ ತಕ್ಕ ವಸ್ತುಗಳೊಂದಿಗೆ ಬಂದರೆ ಪ್ರತಿ ಸಾವಿಗೂ ತಂಡ ಶ್ರೀಮಂತವಾಗುತ್ತಾ ಹೋಗುತ್ತದೆ. ಸತ್ತವನ ಮನೆಗೋ ಗುಡಿಗೋ ಅವನ ಸ್ವತ್ತನ್ನು ತಲುಪಿಸುವುದು ಒಳ್ಳೆಯ ಪರಿಹಾರ, ಅದರಿಂದ ಒಂದು ಸಣ್ಣ ಕಥೆಯೂ ಹುಟ್ಟುತ್ತದೆ. ಆ ಊರಿನಲ್ಲೇ, ಆ ಮನೆಯ ಬಾಗಿಲಲ್ಲೇ ಹೊಸ ಪಾತ್ರ ತಂಡವನ್ನು ಎದುರುಗೊಳ್ಳಲಿ: ಸತ್ತವನ ತಂಗಿ, ಅವನ ಗುರು, ಅವನಿಗೆ ಸಾಲ ಕೊಟ್ಟವನು. ಆಟಗಾರರನ್ನು ಎರಡು ಭೇಟಿಗಳ ಕಾಲ ಸುಮ್ಮನೆ ನೋಡುತ್ತಾ ಕೂರಿಸಬೇಡಿ. ಅಷ್ಟರವರೆಗೂ ಅವರಿಗೆ ತಂಡದ ಜೊತೆಗಿರುವ ಒಬ್ಬ ಕಾವಲುಗಾರನನ್ನೋ ಮಾರ್ಗದರ್ಶಿಯನ್ನೋ ಆಡಲು ಕೊಟ್ಟು, ಹೊಸ ಹಾಳೆಯನ್ನು ಮುಂದಿನ ವಾರದೊಳಗೆ ತುಂಬಿಕೊಂಡು ಬರಲು ಹೇಳಿ.